ಹಿತೈಷಿಯ ಕೆಂಪು ಪಟ್ಟಿ

ಹತ್ತೊಂಬತ್ತು ವರ್ಷ ಫಿಸಿಕ್ಸ್ ಬೋಧಿಸಿದ ತಿಮ್ಮರಾಜುವಿನ ಹೊಟ್ಟೆಯ ಮೇಲೆ ಹೊಡೆದದ್ದು ಒಂದು ಕಂಪ್ಯೂಟರು. ತಿಪಟೂರಿನ ಆ ಪಿಯು ಕಾಲೇಜಿನಲ್ಲಿ ಯಾರು ಫೇಲಾಗುತ್ತಾರೆಂಬುದು ಮೊದಲೆಲ್ಲ ಜನವರಿಯವರೆಗೂ ಗುಟ್ಟಾಗಿರುತ್ತಿತ್ತು. ಆಮೇಲೆ ಗಾಬರಿಬಿದ್ದ ತಂದೆತಾಯಿ ಅವನ ಹೆಂಡತಿಯ ಹೆಸರಿನಲ್ಲಿದ್ದ ಟ್ಯೂಷನ್ ಕೇಂದ್ರಕ್ಕೆ ಓಡಿಬರುತ್ತಿದ್ದರು. ಈಗ ನಿನ್ನೆ ಮೊನ್ನೆ ಸೇರಿದ ಆಲಿಯಾ ಮೇಡಂ ಹದಿನೈದು ದಿನಕ್ಕೊಮ್ಮೆ ಆನ್‌ಲೈನ್ ಅಂಕಪುಸ್ತಕವನ್ನು ಎಕ್ಸೆಲ್‌ಗೆ ಇಳಿಸಿ, ಹಿಂದೆ ಬೀಳುತ್ತಿರುವವರ ಸಾಲಿಗೆ ಕೆಂಪು ಬಳಿದು, ಆಗಸ್ಟಿನಲ್ಲೇ ಅವರನ್ನು ಕೂರಿಸಿಕೊಂಡು ಪಾಠ ಹೇಳುತ್ತಿದ್ದಳು. ಅದೂ ಪುಕ್ಕಟೆ! ಮಕ್ಕಳು ಪಾಸಾಗತೊಡಗಿದ್ದರು. ಇಂಥ ಅನಾಹುತವನ್ನು ಯಾವ ಸಭ್ಯ ಮೇಷ್ಟ್ರು ಸಹಿಸಿಯಾನು?

ಸಿಬ್ಬಂದಿ ಟ್ಯೂಷನ್ ನಡೆಸಿದರೆ ಅದೇ ದಿನ ಕೆಲಸದಿಂದ ವಜಾ ಎಂಬುದು ಪ್ರಿನ್ಸಿಪಾಲ್ ನಿರ್ಮಲಾ ಅವರ ಕಟ್ಟಾಜ್ಞೆ. ಮುಂದಿನ ತಿಂಗಳು ವೈಸ್ ಪ್ರಿನ್ಸಿಪಾಲ್ ಕುರ್ಚಿ ಏರಲಿದ್ದವನು ಎಡವುವಂತಿರಲಿಲ್ಲ. ಗುರುವಾರ ಆಲಿಯಾ ಲ್ಯಾಬಿಗೆ ಹೋದಾಗ ಪೋಷಕರ ಫೋನ್ ನಂಬರುಗಳೂ ಇದ್ದ ಅವಳ ಕೆಂಪು ಪಟ್ಟಿಯನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡ. ಆಕೆ ಪೋಷಕರನ್ನು ಕರೆಸುವುದು ಶನಿವಾರ. ಅಷ್ಟರೊಳಗೆ ಫಸಲು ಕೊಯ್ದರಾಯಿತು. ಫೋನಿಗೆ ಹೆಂಡತಿಯ ಅಜ್ಜನ ಹೆಸರಿನ ಸಿಮ್ ಹಾಕಿದ. ಅಜ್ಜ ತೀರಿಹೋಗಿ ನಾಲ್ಕು ವರ್ಷ. ಸಾಕ್ಷಿ ಹೇಳಲು ಬರುವಂತಿರಲಿಲ್ಲ. ಪಾಠ ಹೇಳಲು ತುರುವೇಕೆರೆಯ ಬಡಪಾಯಿಯೊಬ್ಬನಿದ್ದ. ಇಪ್ಪತ್ತಾರು ಕೆಂಪು ಸಾಲುಗಳಲ್ಲಿ ಎಂಟನ್ನು ಅನುಮಾನ ಬರದಿರಲೆಂದು ಆಲಿಯಾಳಿಗೆ ದಾನವಾಗಿ ಬಿಟ್ಟ. ಶುಕ್ರವಾರ ಮಿಂದು, ಊದುಬತ್ತಿ ಬೆಳಗಿ, ವಿಘ್ನೇಶ್ವರನಿಗೆ ಕೈಮುಗಿದೇ ಹೊರಟ.

ಊಟದ ಬಿಡುವಿನಲ್ಲಿ ಕಾಲೇಜಿನ ಹಿಂದಿನ ತೆಂಗಿನ ತೋಟದಲ್ಲಿ ನಿಂತು ಮೊದಲು ಹೊನ್ನವಳ್ಳಿಗೆ ಫೋನು ಹಚ್ಚಿದ.

"ಗಂಗರಾಜಣ್ಣಾರಾ? ನಾನೊಬ್ಬ ಹಿತೈಷಿ ಕಣ್ರೀ. ನಿಮ್ಮ ಚೈತ್ರಂಗೆ ಕೆಮಿಸ್ಟ್ರೀಲಿ ಹನ್ನೊಂದು ಬಂದದೆ."

"ಹನ್ನೊಂದಾ! ನಂತಾವ ಮೂವತ್ತು ಅಂದ್ಲಲ್ಲ ಸಾ! ವಸಿ ತಡೀರಿ, ಕಾಯಿ ಸುಲಿಯೋರು ನಿಂತವ್ರೆ."

"ಕಾಯಿ ನಾಳೆ ಸುಲಿಸ್ಬೋದು. ಹುಡುಗಿ ವರ್ಸ ಹೋದ್ರೆ ತಂದುಕೊಡೋರು ಯಾರು? ಒಳ್ಳೇ ಟ್ಯೂಷನ್ನೊಂದದೆ."

"ಅದೂ ದಿಟವೇ ಬುಡಿ. ಅದ್ಯಾವ ಟ್ಯೂಸನ್ನು ಅಂತ ಯೋಳಿ, ನಾಳೀಕೇ ಕಳಿಸ್ತೀನಿ."

ಒಬ್ಬೊಬ್ಬರಾಗಿ ಹದಿನೇಳು ಮಂದಿ ಬಲೆಗೆ ಬಿದ್ದರು. ಎಷ್ಟು ಮರುಕ, ಎಷ್ಟು ಹದವಾದ ನಿಟ್ಟುಸಿರು! ತನ್ನ ಕರುಣೆಗೆ ತಾನೇ ತಲೆದೂಗಿದ. ಕಡೆಗೆ ಉಳಿದದ್ದು ಪಟ್ಟಿಯ ಮುಕುಟಮಣಿ: ಸೆಕೆಂಡ್ ಪಿಯು, ಬಿ ಸೆಕ್ಷನ್, ಮಂಗಳಾ. ಆರಕ್ಕೆ ಆರೂ ವಿಷಯದಲ್ಲಿ ಸೊನ್ನೆ. ಅವನದೇ ಕ್ಲಾಸು. ಎರಡು ವರ್ಷಕ್ಕಾಗುವಷ್ಟು ಟ್ಯೂಷನ್ನು!

"ಯಾರಪ್ಪಾ? ಕಿವಿ ಮಂದ, ಸ್ಪೀಕರ್ ಹಾಕಿವ್ನಿ, ಜೋರಾಗಿ ಯೋಳು," ಎಂದಿತು ಮುದಿದನಿ.

"ಅಮ್ಮಾ, ನಿಮ್ಮ ಮಂಗಳಾ ವಿಚಾರ." ಮಾತು ಉಕ್ಕಿ ಬಂತು. "ದಿನಾ ಮುಂದಿನ ಬೆಂಚಲ್ಲೇ ಕೂತಿರ್ತಾಳೆ. ಪಾಪ, ಆ ಮುಖ ನೋಡಿದ್ರೆ ಕರುಳು ಚುರ್ ಅಂತದೆ. ಯಾವ ಸಬ್ಜೆಕ್ಟಲ್ಲೂ ಒಂದು ನಂಬರಿಲ್ಲ."

"ಮಂಗಳಾನಾ? ಅಂತೋರು ನಮ್ಮನೇಲಿ ಯಾರೂ ಇಲ್ವಲ್ಲಪ್ಪಾ. ಇರು, ಸೊಸೆ ಉಣ್ಣಕ್ಕೆ ಬಂದವ್ಳೆ, ಕೊಡ್ತೀನಿ."

ತಟ್ಟೆ ಸರಿದ ಸದ್ದು. ಆಮೇಲೆ ಸ್ಟಾಫ್ ಮೀಟಿಂಗುಗಳಲ್ಲಿ ಅವನು ತೂಕಡಿಸುತ್ತ ಕೇಳಿದ್ದ ಅದೇ ದನಿ: "ಹೇಳಿ ತಿಮ್ಮರಾಜು ಅವರೇ. ಮಂಗಳಾ ಮುಖ ಹೇಗಿದೆ ಅಂದ್ರಿ?"

ಮಂಗಳಾ ಎಂಬ ಹುಡುಗಿ ಆ ಕಾಲೇಜಿನಲ್ಲೇ ಇರಲಿಲ್ಲ. ಅಂಕಪುಸ್ತಕ ಶುರುವಾದ ದಿನ, ಹಳ್ಳಿಯವರ ಬಟನ್ ಫೋನಿಗೆ ಅದರಿಂದ ಹೋಗುವ ರಜೆ-ಸಭೆಗಳ ಮೆಸೇಜು ಮುಟ್ಟುತ್ತದೋ ಇಲ್ಲವೋ ನೋಡೋಣವೆಂದು ನಿರ್ಮಲಾ ಒಂದು ಹುಸಿ ಹೆಸರು ಸೇರಿಸಿ, ಅದರ ಮುಂದೆ ಅತ್ತೆ ರಾಮಲಕ್ಷ್ಮಮ್ಮನ ನಂಬರು ಬರೆಸಿದ್ದರು. ಆಗಾಗ ಪರೀಕ್ಷಿಸಲು ಬೇಕೆಂದು ಹಾಗೆಯೇ ಉಳಿಸಿಕೊಂಡಿದ್ದರು. ಬಿ ಸೆಕ್ಷನ್ನಿಗೆ ಪಾಠ ಮಾಡುವ ಉಳಿದ ಐವರು ಮೇಷ್ಟ್ರುಗಳೂ ಮೊದಲ ವಾರವೇ ಒಬ್ಬೊಬ್ಬರಾಗಿ ಆಫೀಸಿಗೆ ಬಂದು, ಇಂಥ ಹುಡುಗಿ ನಮ್ಮ ಕ್ಲಾಸಿನಲ್ಲಿಲ್ಲ ಎಂದು ಹೇಳಿಹೋಗಿದ್ದರು.