ಎರಡು ಇಂಚು

ನಾನು ಬಂಗಾರಪೇಟೆಯಲ್ಲಿ ಮೆಕ್ಯಾನಿಕ್. ಕಳೆದ ಏಪ್ರಿಲ್‌ನಲ್ಲಿ, ಮಧ್ಯಾಹ್ನ ಮೂರು ಗಂಟೆಗೆ ನಡೆದದ್ದನ್ನು ಅಳತೆ ಸಮೇತ ಹೇಳುತ್ತೇನೆ.

ಮುಚ್ಚಿಹೋದ ಚಿನ್ನದ ಗಣಿ ಮೈಸೂರು ಮೈನ್ಸ್‌ನ ತಗಡಿನ ಶೆಡ್ಡೊಂದರಲ್ಲಿ ಎರಡೇ ಸೀಟಿನ ಹಳೇ ಸ್ಪೋರ್ಟ್ಸ್ ಕಾರೊಂದಿತ್ತು. ನಾನೂ ನನ್ನ ಜೊತೆಗಾರ ಆರುಮುಗಂನೂ ಅದರ ಹಿಂದಿನ ಆಕ್ಸಲ್‌ಗೆ ಹೊಸ ಸ್ಪ್ರಿಂಗ್ ಪಟ್ಟಿ ಕೂರಿಸಿದೆವು. ಜಾಕಿ ಇಳಿಸಿ, ಕಾರಿನ ಭಾರವೆಲ್ಲ ಪಟ್ಟಿಗಳ ಮೇಲೆ ಬಿದ್ದ ನಂತರವೇ ಬೋಲ್ಟು ಪೂರ್ತಿ ಬಿಗಿಯಬೇಕು. ಅದಕ್ಕೆಂದು ಆರುಮುಗಂ ಕಾರಿನಡಿಗೆ ನುಸುಳಿದ. ನಾನು ಟೇಪು ಹಿಡಿದೆ. ನೆಲದಿಂದ ಮಡ್‌ಗಾರ್ಡಿಗೆ ಎರಡೂ ಕಡೆ ಇಪ್ಪತ್ತನಾಲ್ಕು ಇಂಚು.

ಕಿರ್ ಎಂದು ಸದ್ದಾಯಿತು. ಎಡಗಡೆ ಇಪ್ಪತ್ತೆರಡಕ್ಕೆ ಇಳಿಯಿತು.

“ಏನಣ್ಣಾ, ಮುದ್ದೆ ಜಾಸ್ತಿ ತಿಂದ್ಯಾ? ಕಾರಿಂದ ಇಳಿ, ಅಡೀಲಿ ನಾನಿದೀನಿ!”

“ನಾನು ಕಾರು ಮುಟ್ಟೇ ಇಲ್ಲ ಕಣ್ಲಾ.”

ಶೆಡ್ಡು ಬಿಸಿಲಿಗೆ ಕಾದು ಸುಡುತ್ತಿತ್ತು. ಎಡಗಡೆಯ ಖಾಲಿ ಸೀಟಿನ ಮೇಲೆ ಕೈಯಿಟ್ಟೆ. ಬಾವಿಯೊಳಗಿನ ಕಲ್ಲಿನಷ್ಟು ತಣ್ಣಗಿತ್ತು. ಮತ್ತೆ ಕಿರ್ ಎಂದಿತು. ಈಗ ಇಪ್ಪತ್ತು.

“ಅಣ್ಣಾ, ಎದೆ ಒತ್ತೈತೆ, ಎಳಿಯಣ್ಣಾ!”

ಎರಡೂ ಕಾಲು ಹಿಡಿದು ಎಳೆದೆ. ಅವನು ಹೊರಗೆ ಬಂದ ಕೂಡಲೇ ಕಾರು ತಾನಾಗಿ ಮೇಲೆದ್ದಿತು. ಇಪ್ಪತ್ತನಾಲ್ಕು.

ಬೋಲ್ಟು ಬಿಗಿಯದೆಯೇ ಶೆಡ್ಡಿಗೆ ಬೀಗ ಹಾಕಿದೆವು. ಆರುಮುಗಂ ಬಸ್ಸು ಹತ್ತಿದ. ನಾನೊಬ್ಬನೇ ಬೈಕಿನಲ್ಲಿ ಹೊರಟೆ. ಬಂಗಾರಪೇಟೆ ಬರುವವರೆಗೂ ಆ ಬಿಸಿಲಲ್ಲಿ ನನ್ನ ಬೆನ್ನು ಮಾತ್ರ ತಣ್ಣಗಿತ್ತು.

ಮನೆ ಮುಂದೆ ಇಳಿದು ಸೈಡ್ ಸ್ಟ್ಯಾಂಡ್ ಹಾಕಿದೆ. ನಾನು ಇಳಿದರೂ ಬೈಕಿನ ಹಿಂಭಾಗ ಕುಗ್ಗಿಯೇ ಇತ್ತು. ಅಷ್ಟರಲ್ಲಿ ನನ್ನ ಹೆಂಡತಿ ಕಲಾ ಬಾಗಿಲು ತೆರೆದಳು.

ಕಿರ್ ಎಂದು ಬೈಕು ಎರಡು ಇಂಚು ಮೇಲೆದ್ದಿತು.