ಎಡಗಡೆ ನಿಂತವನು

"ಹೆಜ್ಜೆ ಇಡ್ಬೇಡಿ."

ಎಲ್ಲಿಂದಲೋ ಬಂದ ಕೈಯೊಂದು ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯಿತು. ಬೆಚ್ಚಿ ಮುಖ ತಿರುಗಿಸಿದರೆ, ಎಡಗಾಲಿನ ಪಕ್ಕದಲ್ಲೇ ನೆಲ ಬಾಯಿ ತೆರೆದು ನಿಂತಿತ್ತು.

ಅದು ಟಿವಿ ಧಾರಾವಾಹಿಗಾಗಿ ಕಟ್ಟಿದ ಗ್ರಂಥಾಲಯದ ಸೆಟ್ಟು. ಹಳೆಯದೊಂದು ಪತ್ತೇದಾರಿ ಕಾದಂಬರಿಯ ಕಥೆ; ಕೊಲೆಗಾರ ಅಡಗುವುದು ನೆಲದಡಿಯ ಆ ಗುಂಡಿಯಲ್ಲಿ. ಕೈ ಹಿಡಿದವನು ಸೆಟ್ಟಿನ ಸಾಮಾನು ನೋಡಿಕೊಳ್ಳಲು ಹೊಸದಾಗಿ ಬಂದವನು. ಮಾತು ಕಡಿಮೆ. ಗುಂಡಿಯ ಮುಚ್ಚಳ ಮುಚ್ಚಿ ಸುಮ್ಮನೆ ಹೋಗಿಬಿಟ್ಟ.

ಅವಳ ಎದೆ ಮಾತ್ರ ಹೊಡೆದುಕೊಳ್ಳುತ್ತಲೇ ಇತ್ತು. ಬಿದ್ದುಬಿಡುತ್ತಿದ್ದೆ ಎಂಬುದಕ್ಕಲ್ಲ... ಅಷ್ಟು ದೊಡ್ಡ ಗುಂಡಿ ತನಗೆ ಕಾಣಲೇ ಇಲ್ಲವಲ್ಲ ಎಂಬುದಕ್ಕೆ.

ನೋಡುವುದೇ ಅವಳ ಕೆಲಸ. ಒಂದು ಶಾಟ್ ಮುಗಿದು ಇನ್ನೊಂದು ಶುರುವಾಗುವಾಗ ಲೋಟ, ಪುಸ್ತಕ, ಗಡಿಯಾರದ ಮುಳ್ಳು, ನಟಿಯ ಮುಂಗುರುಳು ಎಲ್ಲವೂ ಅವಳು ತೆಗೆದಿಟ್ಟ ಫೋಟೋದಲ್ಲಿದ್ದ ಹಾಗೆಯೇ ಇರಬೇಕು. ಏಳು ವರ್ಷಗಳಲ್ಲಿ ಒಮ್ಮೆಯೂ ತಪ್ಪದ ಅವಳನ್ನು ನಿರ್ದೇಶಕರು ಹದ್ದಿನಕಣ್ಣು ಎಂದೇ ಕರೆಯುತ್ತಿದ್ದರು. ಆ ಕಣ್ಣಿಗೆ ವಿಮೆ ಮಾಡಿಸಬೇಕೆಂದು ತಮಾಷೆ ಮಾಡುತ್ತಿದ್ದರು.

ಆ ಕಣ್ಣಿಗೆ ಎಡಗಡೆಯಿಂದ ಯಾರೋ ಮೆಲ್ಲಗೆ ಪರದೆ ಎಳೆಯುತ್ತಿದ್ದರು. ಗೊತ್ತಾದರೆ ಕೆಲಸ ಹೋಗುತ್ತದೆ. ಮನೆಯಲ್ಲಿ ಅಕ್ಕನಿಗೂ ಹೇಳಿರಲಿಲ್ಲ. ದೇವರೊಬ್ಬನಿಗೆ ಹೇಳಿದ್ದಳು. ಕೇಳಿಸಿಕೊಂಡವನು ಸುಮ್ಮನಿದ್ದ.

ಅಂದಿನಿಂದ ಸಾಮಾನಿನವನನ್ನು ಕಂಡರೆ ಭಯ. ಗುಂಡಿ ತೆರೆದಿಟ್ಟವನೂ ಅವನೇ ಅಲ್ಲವೇ? ದಿನವಿಡೀ ಕೊಲೆಯ ಕಥೆಯಲ್ಲೇ ಮುಳುಗಿದವಳಿಗೆ ಸಂಶಯ ಹುಟ್ಟಲು ಎಷ್ಟು ಹೊತ್ತು ಬೇಕು? ಬುಧವಾರ ಎಲ್ಲರೂ ಊಟಕ್ಕೆ ಹೋದಾಗ, ತಾನು ಸರಿಯಿದೆಯೆಂದು ಗುರುತು ಹಾಕಿ ಬಂದಿದ್ದ ಮೇಣದಬತ್ತಿಯ ಕಂಬವನ್ನು ಅವನು ಸರಿಸುತ್ತಿರುವುದು ಬಾಗಿಲ ಸಂದಿಯಿಂದ ಕಂಡಿತು.

'ನನ್ನ ಕೆಲಸ ಕೆಡಿಸೋಕೇ ಬಂದಿದ್ದಾನೆ...'

ಮರುದಿನ ಊಟದ ಹೊತ್ತಿನಲ್ಲಿ ಅವನ ಕೋಣೆಗೆ ಹೋಗಿ ಪೆಟ್ಟಿಗೆ ತೆರೆದಳು. ಉಳಿ, ಅಂಟು, ಬಣ್ಣದ ಡಬ್ಬಿಗಳ ನಡುವೆ ಪುಟ್ಟದೊಂದು ಪುಸ್ತಕ.

'ಸೋಮವಾರ. ಹಳದಿ ಶಾಲು. ಎಡಗಡೆಯಿಂದಲೇ ಹಾದುಹೋದೆ. ನೋಡಲಿಲ್ಲ.'

'ಮಂಗಳವಾರ. ನೀಲಿ ಶಾಲು. ಮೆಟ್ಟಿಲ ಬಳಿ ಒಬ್ಬರೇ ಇದ್ದರು.'

ಆಯಾ ದಿನ ಅವಳು ಹೊದ್ದಿದ್ದ ಶಾಲುಗಳೇ ಅವು. ಧಾರಾವಾಹಿಯ ಕೊಲೆಗಾರನೂ ಹೀಗೆಯೇ ಬರೆದಿಡುತ್ತಿದ್ದ...

ಬಾಗಿಲಲ್ಲಿ ನೆರಳು ಬಿತ್ತು. ಅವನೇ. ಹೊರಹೋಗಲು ಬೇರೆ ದಾರಿಯಿಲ್ಲ. ಕೈಗೆ ಸಿಕ್ಕ ಚೂರಿಯನ್ನು ಎದುರಿಗೆ ಚಾಚಿದಳು. ಚೂರಿ ಬಾಡಿದ ಎಲೆಯ ಹಾಗೆ ತಲೆಬಾಗಿತು.

"ಅದು ರಬ್ಬರಿಂದು. ನಾನೇ ಮಾಡಿದ್ದು," ಎಂದ ಅವನು, ನಿಂತಲ್ಲಿಂದ ಕದಲದೆ. "ಹೆದರ್ಬೇಡಿ. ಮುಂದಿನ ಪುಟ ಓದಿ."

'ಬುಧವಾರ. ಬಿಳಿ ಶಾಲು. ಎಡಗಡೆಯ ಮೇಣದಬತ್ತಿ ಜರುಗಿತ್ತು. ಅವರಿಗೆ ಕಾಣಲಿಲ್ಲ. ಅವರದೇ ಫೋಟೋ ನೋಡಿ ಸರಿ ಮಾಡಿದೆ.'

ಒಂದು ಭಯ ಇಳಿಯಿತು. ಅದಕ್ಕಿಂತ ದೊಡ್ಡದೊಂದು ಎದ್ದು ನಿಂತಿತು.

"ಯಾರ್ಯಾರಿಗೆ ಹೇಳಿದ್ದೀರಿ?"

"ಯಾರಿಗೂ ಇಲ್ಲ."

ಅಂದು ಮುಚ್ಚಳದ ಕೀಲುಗಳಿಗೆ ಎಣ್ಣೆ ಹಾಕಲು ಗುಂಡಿ ತೆರೆದು, ಎಚ್ಚರಿಕೆಗೆಂದು ಮುಂದೆ ಕೆಂಪು ಬಟ್ಟೆ ಕಟ್ಟಿದ್ದನಂತೆ. ಅದೂ ಅವಳಿಗೆ ಕಾಣದಿದ್ದಾಗಲೇ ಅವನಿಗೆ ಅರ್ಥವಾಗಿತ್ತು. ತನ್ನ ತಾಯಿಗೂ ಹೀಗೆಯೇ ಶುರುವಾದದ್ದು, ಬಚ್ಚಿಟ್ಟು ಬಚ್ಚಿಟ್ಟು ಕೊನೆಗೆ ಮಗನ ಮುಖವೂ ಕಾಣದಂತಾದದ್ದು, ಎಲ್ಲವನ್ನೂ ನೆಲ ನೋಡುತ್ತಾ ಹೇಳಿದ.

"ಹೋಗಿರೋದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೋಬಹುದು. ನೀವು ಇದನ್ನ ಡಾಕ್ಟರಿಗೆ ತೋರಿಸ್ಲಿ ಅಂತ ಬರೆದಿಟ್ಟೆ. ಕೊಡೋಕೆ ಧೈರ್ಯ ಬರ್ಲಿಲ್ಲ."

"ಡಾಕ್ಟರಿಗೆ ಶಾಲಿನ ಬಣ್ಣ ಯಾಕೆ?"

ಅವನು ಬಣ್ಣ ಮೆತ್ತಿದ ಬೆರಳುಗಳನ್ನು ಅಂಗಿಗೆ ಒರೆಸಿಕೊಂಡ.

"ಅದು... ನನಗೆ."

ಅವಳು ಅಳುತ್ತಲೇ ನಕ್ಕಳು. ದೇವರು ಸುಮ್ಮನಿರಲಿಲ್ಲ; ಆಳು ಕಳಿಸಿದ್ದ.

ಆ ಸಂಜೆ ಹೋಗಿ ನಿರ್ದೇಶಕರಿಗೆ ತಾನೇ ಹೇಳಿದಳು. ಅವರು ಕನ್ನಡಕ ಒರೆಸಿಕೊಂಡು, ಮೊದಲು ಆಸ್ಪತ್ರೆಗೆ ಹೋಗು, ಆಮೇಲೆ ನಿನ್ನ ಕುರ್ಚಿಗೆ ಬಾ, ಎಡಗಡೆಯನ್ನು ಆ ಸಾಮಾನಿನವನು ನೋಡಿಕೊಳ್ಳಲಿ ಎಂದು ಗದರಿದರು.

ಆಸ್ಪತ್ರೆಯ ಪಡಸಾಲೆ. ಅವಳ ಕೈಯಲ್ಲಿ ಔಷಧದ ಚೀಟಿ. ದಿನವೂ ಹನಿ ಹಾಕಿದರೆ ಇರುವುದನ್ನು ಉಳಿಸಿಕೊಳ್ಳಬಹುದು ಎಂದಿದ್ದರು ವೈದ್ಯರು. ಭಯ ಪೂರ್ತಿ ಹೋಗಿರಲಿಲ್ಲ.

ಅವನು ಬಂದು ಎಡಗಡೆ ನಿಂತ.

"ಈ ಕಡೆ ಬನ್ನಿ. ಅಲ್ಲಿದ್ರೆ ನೀವು ನನಗೆ ಕಾಣಲ್ಲ."

"ಕಾಣೋ ಕಡೆ ನೀವೇ ನೋಡ್ಕೋತೀರಿ," ಎಂದು ಅವಳ ಮಣಿಕಟ್ಟು ಹಿಡಿದ, ಈ ಸಲ ಮೆಲ್ಲಗೆ. "ಇದು ಗೊತ್ತಾಗುತ್ತಲ್ಲ?"

"ಗೊತ್ತಾಗುತ್ತೆ," ಎಂದಳು. "ಬಿಡ್ಬೇಡಿ."