ವೈಫೈ ಒಳಗೆ ಅಡಗಿದ್ದ ಆಮೆ

"ಮೇಡಂ, ನಮ್ಮ ಮನೇಲಿ ಯಾರೋ ಒಬ್ರು ಸುಳ್ಳು ಹೇಳ್ತಿದಾರೆ. ಯಾರು ಅಂತ ನಾಳೆ ಸಂಜೆಯೊಳಗೆ ಗೊತ್ತಾಗ್ಬೇಕು."

ಬಾಗಿಲು ತೆರೆದ ಕೂಡಲೇ ಆ ಹುಡುಗಿ ಹೇಳಿದ ಮಾತಿದು. ನನ್ನ ಹೆಂಡತಿಯ ತಾಯಿ, ಅಂದರೆ ನಮ್ಮ ಅತ್ತೆಯವರು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅವಳನ್ನು ನೋಡಿದರು. ಅವರು ಶಾಲೆಯಲ್ಲಿ ರೇಖಾಗಣಿತ ಕಲಿಸಿ ನಿವೃತ್ತರಾದವರು. ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರನ್ನು ಬೆನ್ನು ತಿರುಗಿಸಿ ನಿಂತೇ ಹಿಡಿಯುತ್ತಿದ್ದರಂತೆ. ನಿವೃತ್ತಿಯ ಮೇಲೆ ಆ ಚಟ ಪತ್ತೇದಾರಿಕೆಗೆ ತಿರುಗಿತು. ನಾನು ಕನ್ನಡಕದ ಅಂಗಡಿಯವನು. ಅತ್ತೆಯ ಚೀಲ ಹಿಡಿದು ಹಿಂದೆ ಹೋಗುವುದು, ತಪ್ಪು ಊಹೆ ಮಾಡಿ ಬೈಸಿಕೊಳ್ಳುವುದು, ಕೊನೆಗೆ ನಡೆದದ್ದನ್ನು ಬರೆದಿಡುವುದು ನನ್ನ ಪಾಲಿನ ಕೆಲಸ. ಎರಡನೆಯದರಲ್ಲಿ ನಾನು ಎತ್ತಿದ ಕೈ ಎಂದು ಹೆಂಡತಿಯ ಅಭಿಪ್ರಾಯ.

ಹುಡುಗಿ ಅತ್ತೆಯ ಹಳೆಯ ವಿದ್ಯಾರ್ಥಿನಿ. ಟಿವಿಗೆ ಕನ್ಸೋಲ್ ಜೋಡಿಸಿ ಆಡುವ ಕಾರ್ ರೇಸಿನಲ್ಲಿ ಅವಳು ನಿಸ್ಸೀಮಳು. ಆಟದಲ್ಲಿ ಅವಳ ಹೆಸರು ಮಿಂಚು. ದೊಡ್ಡ ಆನ್‌ಲೈನ್ ಪಂದ್ಯವೊಂದರ ಫೈನಲ್ ತಲುಪಿದ್ದಳು. ಎದುರಾಳಿಯ ಹೆಸರು ಆಮೆ. ಆಮೆ ಯಾರೆಂದು ಯಾರಿಗೂ ಗೊತ್ತಿಲ್ಲ, ಆದರೆ ಅವಳನ್ನು ಈಗಾಗಲೇ ಎರಡು ಸಲ ಸೋಲಿಸಿದ್ದ. ಈಗ ಸಂಘಟಕರು ಹೊಸ ತಕರಾರು ತೆಗೆದಿದ್ದರು. ಮಿಂಚು ಮತ್ತು ಆಮೆ ಇಬ್ಬರೂ ಒಂದೇ ಮನೆಯ ವೈಫೈನಿಂದ ಆಡುತ್ತಿದ್ದಾರೆ, ಒಬ್ಬರೇ ಎರಡು ಹೆಸರಿನಲ್ಲಿ ಮೋಸ ಮಾಡುತ್ತಿರುವ ಹಾಗಿದೆ, ಶನಿವಾರ ಸಂಜೆಯೊಳಗೆ ಇಬ್ಬರೂ ಮುಖ ತೋರಿಸದಿದ್ದರೆ ಇಬ್ಬರನ್ನೂ ಹೊರಹಾಕುತ್ತೇವೆ ಎಂದಿದ್ದರು.

"ಆಮೆ ನಮ್ಮನೇಲೇ ಇದ್ರೆ ನನಗೆ ಗೊತ್ತಾಗಲ್ವಾ ಮೇಡಂ? ಎಲ್ಲರನ್ನೂ ಕೇಳಿದೆ. ಯಾರೂ ಬಾಯಿ ಬಿಡ್ತಿಲ್ಲ." ಅವಳು ದುಪಟ್ಟಾದಿಂದ ಕಣ್ಣೊರೆಸಿಕೊಂಡಳು. "ಇಷ್ಟು ವರ್ಷ ಆಡಿದ್ದಕ್ಕೆ ಕೊನೇಲಿ ಮೋಸಗಾತಿ ಅನ್ನಿಸ್ಕೋಬೇಕಾ?"

ಅಪ್ಪನಿಗೆ ಹೇಳಿದೆಯಾ ಎಂದು ಅತ್ತೆ ಕೇಳಿದರು. ಅಪ್ಪನಿಗೆ ಆಟ ಎಂದರೆ ಮೈಯೆಲ್ಲ ಉರಿ, ಫೈನಲ್ ವಿಷಯ ಕೂಡ ಹೇಳಿಲ್ಲ, ಅವರೊಬ್ಬರನ್ನು ಮಾತ್ರ ಕೇಳಿಲ್ಲ ಎಂದಳು.

ಮರುದಿನ ಬೆಳಗ್ಗೆ ಅವರ ಮನೆಗೆ ಹೋದೆವು. ಮುಂಬಾಗಿಲಿಗೆ ಒಂದೇ ಒಂದು ತಗ್ಗು ಮೆಟ್ಟಿಲು. ಒಳಗೆ ಹಾಲ್, ಕಿಟಕಿಯ ಪಕ್ಕ ಟಿವಿ, ಅದರ ಮೇಲಿನ ಹಲಗೆಯಲ್ಲಿ ವೈಫೈ ಪೆಟ್ಟಿಗೆ. ಹಾಲಿನ ಹಿಂದೆ ಅಡುಗೆಮನೆ. ಮಲಗುವ ಕೋಣೆಗಳೆಲ್ಲ ಮಹಡಿಯ ಮೇಲೆ, ಸರಿಯಾಗಿ ಹಾಲಿನ ನೆತ್ತಿಗೆ. ಅಡುಗೆಮನೆಯ ಹಿಂಬಾಗಿಲಿನಿಂದ ಮೂರು ಎತ್ತರದ ಮೆಟ್ಟಿಲು ಇಳಿದರೆ ಹಿತ್ತಿಲು, ಅಲ್ಲೊಂದು ಗ್ಯಾರೇಜು, ಅದರಾಚೆ ಗೋಡೆ, ಗೋಡೆಯಾಚೆ ಅಗಲವಾದ ಕಾಲುವೆ. ಹಿಂಬಾಗಿಲ ಬಳಿ ಗಂಡಸರ ಚಪ್ಪಲಿ ಜೋಡಿಯೊಂದಿತ್ತು. ಯಾರದೆಂದು ಅತ್ತೆ ವಿಚಾರಿಸಿದರು.

"ಯಜಮಾನ್ರದ್ದು. ಮಂಡಿ ಆಪರೇಷನ್ ಆದ್ಮೇಲೆ ಮುಂದಿನ ಮೆಟ್ಟಿಲು ಕಷ್ಟ ಅಂತ ಹಿಂದಿನಿಂದ್ಲೇ ಬರ್ತಾರೆ" ಎಂದರು ಹುಡುಗಿಯ ತಾಯಿ.

ಯಜಮಾನರು ಬದುಕೆಲ್ಲ ಬಸ್ ಓಡಿಸಿದವರು. ಮಂಡಿ ಕೈಕೊಟ್ಟ ಮೇಲೆ ಅವರನ್ನು ಡಿಪೋದ ವಿಚಾರಣೆ ಕಿಟಕಿಗೆ ಹಾಕಿದ್ದರು. ರಾತ್ರಿ ಊಟದ ಹೊತ್ತಿಗೇ ಮನೆಗೆ ಬರುವುದಂತೆ.

ನನ್ನ ಅನುಮಾನವೆಲ್ಲ ಹುಡುಗಿಯ ಅಣ್ಣನ ಮೇಲಿತ್ತು. ಅಣ್ಣ ತಂಗಿ ಹಾವು ಮುಂಗುಸಿಯ ಹಾಗೆ. ವೈಫೈ ಹಾಕಿಸಿದವನೂ ಅವನೇ. ಮೊದಲು ಅವನೂ ಆಡುತ್ತಿದ್ದನಂತೆ; ಆಗಿನ ಹಳೆಯ ಕನ್ಸೋಲ್ ಎಲ್ಲಿ ಎಂದು ನಾನು ಗದರಿಸಿ ಕೇಳಿದೆ. ಹೊಸದು ಬಂದ ಮೇಲೆ ಹಳೆ ಟಿವಿ ಜೊತೆ ಅದನ್ನೂ ಹಳೆ ಸಾಮಾನಿಗೆ ಹಾಕಿಯಾಯಿತು ಎಂದ. ಪಕ್ಕದ ಮನೆಯ ಗೆಳೆಯರಿಗೆ ಪಾಸ್‌ವರ್ಡ್ ಕೊಟ್ಟಿರಬೇಕು ಎಂದೆ. ಅವನು ನನ್ನನ್ನೇ ದುರುಗುಟ್ಟಿ ನೋಡಿದ.

"ಅಳಿಯಂದ್ರೆ, ಸ್ವಲ್ಪ ಸುಮ್ನಿರಿ" ಎಂದರು ಅತ್ತೆ. "ಮೊದ್ಲು ಆ ಆಮೆ ಹೇಗೆ ಓಡಿಸ್ತಾನೆ ಅಂತ ನೋಡೋಣ."

ಹುಡುಗಿ ಆಮೆಯೊಂದಿಗಿನ ಎರಡೂ ರೇಸುಗಳನ್ನು ಉಳಿಸಿಟ್ಟಿದ್ದಳು. ರೆಕಾರ್ಡ್ ಮಾಡುವ ಮೈಕ್ ತೆರೆದೇ ಇದ್ದುದರಿಂದ ಹಾಲಿನ ಸದ್ದೂ ಅದರಲ್ಲಿ ದಾಖಲಾಗಿತ್ತು. ಪಕ್ಕದಲ್ಲಿ ಕೂತ ಅಜ್ಜಿ ಹೆಣಿಗೆಯ ಹೊಲಿಗೆ ಎಣಿಸುತ್ತಿದ್ದರು, ಅಣ್ಣ ಬೆನ್ನ ಹಿಂದೆ ನಿಂತು "ಬ್ರೇಕ್ ಹಾಕೇ, ಬ್ರೇಕ್" ಎಂದು ಕೇಳದ ಸಲಹೆ ಕೊಡುತ್ತಿದ್ದ. ಪರದೆಯ ಮೇಲೆ ಆಮೆಯ ಕೆಂಪು ಕಾರು. ಹೊರಡುವ ಮುನ್ನ ಅದರ ಚಾಲಕ ಹಿಂದೆ ನೋಡುವ ಬಟನ್ ಒತ್ತಿದ; ಕಾರಿನೊಳಗಿನ ಗೊಂಬೆ ತಲೆ ತಿರುಗಿಸಿದ್ದು ಕಂಡಿತು. ಪ್ರತಿ ತಿರುವನ್ನೂ ಒಳ ಅಂಚು ಬಿಟ್ಟು ಅಗಲವಾಗಿ ತೆಗೆದುಕೊಂಡ. ಗೆದ್ದ ಮೇಲೆ ಬೇರೆಯವರೆಲ್ಲ ಕಾರನ್ನು ಗಿರಗಿರ ತಿರುಗಿಸಿ ಕುಣಿಸುತ್ತಿದ್ದರೆ, ಇವನು ರಸ್ತೆಯ ಅಂಚಿಗೆ ಬಂದು, ಚಕ್ರ ನೇರ ಮಾಡಿ, ಶಿಸ್ತಾಗಿ ನಿಲ್ಲಿಸಿದ.

ಇನ್ನೊಂದು ವಿಚಿತ್ರವಿತ್ತು. ನಡುವೆ ಕೆಂಪು ಕಾರು ಇದ್ದಕ್ಕಿದ್ದಂತೆ ತಡವರಿಸಿ ನಿಂತಿತು. ಹಿನ್ನೆಲೆಯಲ್ಲಿ ಟಿಣ್ ಎಂಬ ಸದ್ದು ಕೇಳಿತು, ಕಾರು ಮತ್ತೆ ಓಡಿತು. ಎರಡನೆಯ ರೇಸಿನಲ್ಲೂ ಅದೇ ಕತೆ. ಹುಡುಗಿ ಅದನ್ನು ಆಮೆಯ ಏನೋ ಕುತಂತ್ರ ಎಂದುಕೊಂಡಿದ್ದಳು. ಟಿಣ್ ಎಂದದ್ದು ಏನು ಎಂದು ಅತ್ತೆ ಕೇಳಿದರು. ಅಮ್ಮ ಅಜ್ಜಿಗೆ ಮೈಕ್ರೋವೇವ್‌ನಲ್ಲಿ ಹಾಲು ಬಿಸಿ ಮಾಡುವ ಸದ್ದು ಎಂದಳು ಅವಳು.

ಅತ್ತೆಯ ಕಿವಿ ನಿಮಿರಿತು. "ಅಳಿಯಂದ್ರೆ, ನಮ್ಮನೇಲಿ ಓವನ್ ಹಾಕಿದಾಗ ನಿಮ್ಮ ಫೋನ್‌ನಲ್ಲಿ ಕ್ರಿಕೆಟ್ ನಿಂತುಹೋಗುತ್ತಲ್ಲ, ಯಾವಾಗಲೂ ಹಾಗೆಯೇನು?"

ಊಟದ ಮೇಜಿನ ಬಳಿ ಕೂತರೆ ಮಾತ್ರ ನಿಲ್ಲುತ್ತದೆ, ಸೋಫಾದಲ್ಲಿ ಕೂತರೆ ಇಲ್ಲ ಎಂದೆ. ಅತ್ತೆ ಚೀಲದಿಂದ ಅಡಿಕೋಲು ತೆಗೆದು, ಮನೆಯ ನಕ್ಷೆ ಬರೆದು ಒಂದು ಗೆರೆ ಎಳೆದರು. ಆಮೇಲೆ ಸಂಜೆ ಎಲ್ಲರೂ ಹಾಲಿನಲ್ಲಿರಬೇಕು, ಯಜಮಾನರೂ ಬೇಗ ಬರಬೇಕು ಎಂದು ಹೇಳಿ ಕಳುಹಿಸಿದರು.

ಸಂಜೆ ಎಲ್ಲರೂ ಸೇರಿದರು. ಅಜ್ಜಿ ಹೆಣಿಗೆ ಹಿಡಿದು ಕೂತರು. ಅಣ್ಣ ಗೋಡೆಗೆ ಒರಗಿ ಮುಖ ಊದಿಸಿಕೊಂಡು ನಿಂತ. ಯಜಮಾನರು ಖಾಕಿ ಅಂಗಿಯಲ್ಲೇ ಬಂದು, ಇದೆಲ್ಲ ಆಟದ ಹುಚ್ಚಿನಿಂದ ಆದ ರಾದ್ಧಾಂತ, ಅವತ್ತೇ ಬೇಡ ಅಂದಿದ್ದೆ ಎಂದು ಗೊಣಗಿದರು. ಹುಡುಗಿ ಗಡಿಯಾರ ನೋಡುತ್ತ ಉಗುರು ಕಚ್ಚುತ್ತಿದ್ದಳು.

ಅತ್ತೆ ಪಾಠ ಶುರು ಮಾಡುವವರ ಹಾಗೆ ನಿಂತರು. ಮೈಕ್ರೋವೇವ್‌ಗೂ ಈ ಬಗೆಯ ವೈಫೈಗೂ ಎಣ್ಣೆ ಸೀಗೆಕಾಯಿ ಸಂಬಂಧ, ಓವನ್ ಓಡುವಾಗ ಅದರ ಆಚೆ ಕೂತವರಿಗೆ ಸಿಗ್ನಲ್ ಕೆಡುತ್ತದೆ ಎಂದು ವಿವರಿಸಿದರು. ಓವನ್ ಓಡಿದಾಗ ಹುಡುಗಿಗೆ ಏನೂ ಆಗಲಿಲ್ಲ, ಆಮೆ ಮಾತ್ರ ನಿಂತ. ಅಂದರೆ ವೈಫೈ ಪೆಟ್ಟಿಗೆಗೂ ಆಮೆಗೂ ನಡುವೆ ಅಡುಗೆಮನೆ ಇದೆ. ಮಹಡಿಯ ಕೋಣೆಗಳು ಆ ಗೆರೆಗೆ ಬರುವುದಿಲ್ಲ. ಅಕ್ಕಪಕ್ಕದ ಮನೆಗಳೂ ಬರುವುದಿಲ್ಲ. ಇಲ್ಲಿ ನನ್ನ ಕಡೆ ಒಂದು ನೋಟ ಬಿತ್ತು. ನಾನು ಇಂಗು ತಿಂದ ಮಂಗನಂತೆ ಕೂತಿದ್ದೆ.

"ರೇಸ್ ನಡೀವಾಗ ಅಜ್ಜಿ ಹೊಲಿಗೆ ಎಣಿಸ್ತಿದ್ರು, ಅಣ್ಣ ಸಲಹೆ ಕೊಡ್ತಿದ್ದ, ಅಮ್ಮ ಓವನ್ ಮುಂದೆ ನಿಂತಿದ್ರು" ಎಂದರು ಅತ್ತೆ. "ಮನೇಲಿದ್ದವರು ಯಾರೂ ಆಮೆ ಅಲ್ಲ. ನಾವೆಲ್ಲ ಮನೆ ಒಳಗೇ ಹುಡುಕಿದ್ವಿ. ಆದರೆ ವೈಫೈಗೆ ಗೋಡೆಯ ಲೆಕ್ಕ ಇಲ್ಲ, ಹಿತ್ತಿಲಿಗೂ ಹೋಗುತ್ತೆ. ಅಲ್ಲಿರೋದು ಒಂದೇ, ಗ್ಯಾರೇಜು. ಹಳೆ ಸಾಮಾನೆಲ್ಲ ಅಲ್ಲೇ ಇಟ್ಟಿರ್ತಾರೆ. ಹಳೆ ಕನ್ಸೋಲ್‌ಗೆ ಮನೆ ಪಾಸ್‌ವರ್ಡ್ ನೆನಪಿರುತ್ತೆ, ಯಾರನ್ನೂ ಕೇಳೋ ಅಗತ್ಯ ಇಲ್ಲ."

ಅಣ್ಣ ಗೋಡೆಯಿಂದ ಬೆನ್ನು ತೆಗೆದ. ಯಜಮಾನರು ತಮ್ಮ ಅಂಗಿಯ ಗುಂಡಿಯನ್ನೇ ನೋಡುತ್ತಿದ್ದರು.

"ಹೊರಡೋ ಮುಂಚೆ ಹಿಂದೆ ನೋಡೋದು, ಹಿಂದಿನ ಚಕ್ರ ಅಂಚಿಗೆ ತಾಗಬಾರದು ಅಂತ ಅಗಲವಾಗಿ ತಿರುಗಿಸೋದು, ಗೆದ್ರೂ ಸ್ಟಾಪಿನಲ್ಲಿ ನಿಲ್ಲಿಸೋ ಹಾಗೆ ನಿಲ್ಲಿಸೋದು. ಪುಟ್ಟ ರೇಸ್ ಕಾರನ್ನ ಬಸ್ಸು ಅಂದ್ಕೊಂಡು ಓಡಿಸೋರು ಈ ಮನೇಲಿ ಒಬ್ಬರೇ" ಎಂದರು ಅತ್ತೆ.

"ನಾನು ಡಿಪೋದಲ್ಲಿರ್ತೀನಲ್ಲ ಮೇಡಂ" ಎಂದರು ಯಜಮಾನರು. ಆ ಮಾತಿನಲ್ಲಿ ಜೋರಿರಲಿಲ್ಲ.

"ವಿಚಾರಣೆ ಕಿಟಕಿ ಮುಚ್ಚೋ ಹೊತ್ತನ್ನ ಮಧ್ಯಾಹ್ನವೇ ಡಿಪೋಗೆ ಫೋನ್ ಮಾಡಿ ಕೇಳ್ಕೊಂಡೆ, ಊಟದ ಹೊತ್ತಿಗಿಂತ ಎಷ್ಟೋ ಮುಂಚೆ ಮುಚ್ಚುತ್ತಂತೆ. ಅದಿರಲಿ. ಮಂಡಿ ನೋಯೋರು ಒಂದು ಮೆಟ್ಟಿಲಿನ ಬಾಗಿಲು ಬಿಟ್ಟು ಮೂರು ಮೆಟ್ಟಿಲಿನ ಬಾಗಿಲಿಂದ ಯಾಕೆ ಬರ್ತಾರೆ?"

ಹೆಣಿಗೆಯ ಕಡ್ಡಿಗಳ ಸದ್ದು ನಿಂತಿತು. ಹುಡುಗಿ ಎದ್ದು ಅಪ್ಪನ ಮುಂದೆ ನಿಂತಳು. ಎರಡು ದಿನದಿಂದ ನಾನು ಅಳ್ತಿದ್ದದ್ದು ಕಾಣಿಸಲಿಲ್ವಾ ಅಂತ ಕೇಳಿದಳು. ನನಗೂ ಆ ಮನುಷ್ಯನ ಮೇಲೆ ಸಿಟ್ಟು ಬಂತು.

ಯಜಮಾನರು ನಿಧಾನವಾಗಿ ಬಾಯಿ ಬಿಟ್ಟರು. ಸ್ಟಿಯರಿಂಗ್ ಕೈತಪ್ಪಿದ ಮೇಲೆ ಕಿಟಕಿಯ ಹಿಂದೆ ಕೂತು ಬೇರೆಯವರ ಬಸ್ಸಿನ ಹೊತ್ತು ಹೇಳುವುದು ಅವರಿಗೆ ಸಾಕುಸಾಕಾಗಿತ್ತು. ಮಗಳು ಈ ಆಟದಲ್ಲಿ ಏನು ಕಂಡಿದ್ದಾಳೋ ನೋಡೋಣ ಎಂದು ಒಂದು ಸಂಜೆ ಗ್ಯಾರೇಜಿನಲ್ಲಿ ಆ ಹಳೆ ಕನ್ಸೋಲ್ ಹಚ್ಚಿದರು. ಬಿಡಲಾಗಲಿಲ್ಲ. ದಿನಾ ಮಗಳಿಗೆ ಬೈದು ಈಗ ತಾವೇ ಅದನ್ನು ಹಿಡಿದಿರುವುದನ್ನು ಹೇಳಲು ನಾಲಿಗೆ ಏಳಲಿಲ್ಲ. ಫೈನಲ್‌ನಿಂದ ಹಿಂದೆ ಸರಿಯೋಣವೆಂದರೆ ಮೋಸ ನಿಜ ಎಂದಾಗುತ್ತಿತ್ತು.

"ಮಿಂಚು ನಾನು ಅಂತ ಗೊತ್ತಿತ್ತಾ?" ಎಂದಳು ಮಗಳು.

"ಮೊದ್ಲು ಗೊತ್ತಿರಲಿಲ್ಲ. ಮೊದಲ ರೇಸ್ ಮುಗಿದ್ಮೇಲೆ, ಇಷ್ಟು ಚೆನ್ನಾಗಿ ಓಡಿಸೋದು ಯಾರು ಕಲಿಸಿದ್ದು ಅಂತ ಮೆಸೇಜ್ ಕಳಿಸಿದ್ದೆ. ನಮ್ಮಪ್ಪ ಬಸ್ ಡ್ರೈವರ್, ಚಿಕ್ಕವಳಿದ್ದಾಗ ಅವರ ಹಿಂದಿನ ಸೀಟಲ್ಲಿ ಕೂತು ನೋಡಿ ಕಲಿತೆ ಅಂತ ನೀನು ಬರೆದೆ." ಅವರು ಮಗಳ ಮುಖ ನೋಡಿದರು. "ಮನೇಲಿ ನೀನು ನನ್ಹತ್ರ ಅದನ್ನ ಯಾವತ್ತೂ ಹೇಳಿರಲಿಲ್ಲ ಪುಟ್ಟಿ. ಇನ್ನೊಂದು ಸಲ ಏನಾದ್ರೂ ಹೇಳ್ತೀಯೇನೋ ಅಂತ ಆಡ್ತಾ ಹೋದೆ."

ಹುಡುಗಿಗೆ ಅಳು, ನಗು ಎರಡೂ ಒಟ್ಟಿಗೇ ಬಂದವು. ಅಜ್ಜಿ ಮಗನ ತಲೆಗೆ ಹೆಣಿಗೆಯ ಉಂಡೆಯಿಂದಲೇ ಒಂದು ಮೊಟಕಿದರು. ತಾಯಿ ಮಾತ್ರ, ಇಷ್ಟು ದಿನ ಊಟ ಆರುತ್ತೆ ಅಂತ ಕಾಯ್ತಿದ್ದ ನಾನೇ ಪೆದ್ದಿ ಎಂದು ಗಂಡನ ಬೆವರಿಳಿಸಿದರು.

ಕೂಡಲೇ ಸಂಘಟಕರಿಗೆ ವಿಡಿಯೋ ಕರೆ ಹೋಯಿತು. ಅಪ್ಪ ಮಗಳು ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಕನ್ಸೋಲ್ ಎತ್ತಿ ತೋರಿಸಿದರು. ಆಚೆಯವನು ಹೊಟ್ಟೆ ಹಿಡಿದುಕೊಂಡು ನಕ್ಕು, ಅಪ್ಪ ಮಗಳು ಆಡಬಾರದೆಂಬ ನಿಯಮ ನಮ್ಮಲ್ಲಿಲ್ಲ ಎಂದ.

ಭಾನುವಾರ ಫೈನಲ್ ನೋಡಲು ನಮಗೂ ಕರೆ ಬಂತು. ಹಾಲಿನಲ್ಲಿ ಎರಡು ಟಿವಿ ಅಕ್ಕಪಕ್ಕ ಇಟ್ಟಿದ್ದರು. ಬಿಟ್ಟುಕೊಟ್ಟು ಗೆಲ್ಲಿಸಬೇಡಿ ಎಂದು ಮಗಳು ಮೊದಲೇ ಎಚ್ಚರಿಸಿದಳು, ರಸ್ತೆಗಿಳಿದ ಮೇಲೆ ನನಗೆ ಮಗಳು ಗಿಗಳು ಯಾರೂ ಇಲ್ಲ ಎಂದರು ಅಪ್ಪ. ಕೆಂಪು ಕಾರು ಕೊನೆಯವರೆಗೂ ಮುಂದಿತ್ತು. ಕಡೆಯ ತಿರುವಿನಲ್ಲಿ ಅದು ಅಭ್ಯಾಸಬಲದಿಂದ ಅಗಲಕ್ಕೆ ಹೋಯಿತು; ಒಳಗಿನ ಸಂದಿಯಲ್ಲಿ ಮಗಳು ನುಗ್ಗಿ ಗೆರೆ ದಾಟಿದಳು. ಅಣ್ಣ ಕೂಗುತ್ತ ತಂಗಿಯನ್ನು ಎತ್ತಿಕೊಂಡ.

ಯಜಮಾನರು ಮಾತ್ರ ಪರದೆಯಿಂದ ಕಣ್ಣು ಕೀಳಲಿಲ್ಲ. ಅವರಿಗೆ ಬೇಜಾರಾಯಿತೋ ಏನೋ ಎಂದು ಹುಡುಗಿ ಮೆಲ್ಲನೆ ಹತ್ತಿರ ಹೋಗಿ ಟಿವಿ ಆರಿಸಲು ಕೈ ಚಾಚಿದಳು.

"ಆರಿಸಬೇಡ, ಕೂತ್ಕೋ" ಎಂದರು ಅವರು. "ಇನ್ನೊಂದ್ಸಲ ಬಾ. ಈ ಸಲ ಹೇಗೆ ಒಳಗೆ ನುಗ್ತೀಯೋ ನಾನೂ ನೋಡ್ತೀನಿ."